ತಟ್ಟೆ ಸರಿಯಾಗಿ ತಿರುಗುತ್ತಿದೆಯೇ?

ರೊದ್ದಂನಲ್ಲಿ ಅಂಗಡಿ ಬಾಗಿಲು ಹಾಕಿ ಬಂದ ಮೇಲೆ, ನಮ್ಮ ತಂದೆಯವರು ಕೊಂಡಿದ್ದ ಭಕ್ತಿಗೀತೆಗಳ ರೆಕಾರ್ಡು ಕೇಳುವುದು ನಮ್ಮ ಮನೆಯ ರೂಢಿ. ಒಂದು ಬೇಸಿಗೆಯಲ್ಲಿ ಹಾಡು ಎಳೆದಂತೆ, ಗಾಯಕಿಯ ಕಂಠ ದಪ್ಪವಾದಂತೆ ಕೇಳತೊಡಗಿತು. “ರೆಕಾರ್ಡು ಸವೆದಿದೆ ಅಪ್ಪ, ಗುಜರಿಗೆ ಹಾಕೋಣ” ಎಂದ ಮಗ. ನಾನು ಕರೆಂಟಿನ ದೋಷವೆಂದು ಸ್ಟೆಬಿಲೈಸರ್ ತಂದೆ. ಹಣ ಹೋಯಿತು, ಹಾಡು ಸರಿಹೋಗಲಿಲ್ಲ.

ಆಮೇಲೆ ವಿಷಯ ತಿಳಿಯಿತು. ನಮ್ಮದರಲ್ಲಿದ್ದುದು ಸಿಂಕ್ರೊನಸ್ ಮೋಟಾರು. ಅದರ ವೇಗ ನಿರ್ಧಾರವಾಗುವುದು ವೋಲ್ಟೇಜಿನಿಂದಲ್ಲ. ಕರೆಂಟು ಸೆಕೆಂಡಿಗೆ 50 ಬಾರಿ ಆವರ್ತಿಸುವುದರಿಂದ. ವೋಲ್ಟೇಜು ಇಳಿದರೆ ಮೋಟಾರಿನ ಬಲ ತಗ್ಗುತ್ತದೆ. ಹೆಚ್ಚಾದರೆ ಅದು ಅದುರಿ, ಗುಂಯ್ ಎಂಬ ಸದ್ದು ಸೂಜಿಗೂ ತಲುಪುತ್ತದೆ. ಬ್ಯಾಟರಿಯಿಂದ ನಡೆಯುವ ಡಿ.ಸಿ. ಮೋಟಾರಿನ ಮಾತು ಬೇರೆ. ಅಲ್ಲಿ ವೋಲ್ಟೇಜು ಬದಲಾದರೆ ವೇಗವೂ ಬದಲಾಗುತ್ತದೆ. ಆದ್ದರಿಂದ ವೇಗ ನಿಯಂತ್ರಕ ಬೇಕು.

ನಮ್ಮಲ್ಲಿ ಸಡಿಲಾಗಿದ್ದುದು ತಟ್ಟೆ ತಿರುಗಿಸುವ ರಬ್ಬರ್ ಬೆಲ್ಟು! ಹೊಸದು ಹಾಕಿ, ಅಚ್ಚಿಗೆ ಒಂದು ಹನಿ ಎಣ್ಣೆ ಬಿಟ್ಟೆವು.

ಓದುಗರೂ ಮನೆಯಲ್ಲೇ ಪರೀಕ್ಷಿಸಬಹುದು. ಎಲ್.ಪಿ. ರೆಕಾರ್ಡು ನಿಮಿಷಕ್ಕೆ 33⅓ ಸುತ್ತು ತಿರುಗಬೇಕು. ತಟ್ಟೆಯ ಅಂಚಿಗೆ ಕಾಗದದ ಚೂರು ಅಂಟಿಸಿ, ಹಾಡು ನಡೆಯುತ್ತಿರುವಾಗಲೇ ಗಡಿಯಾರ ನೋಡಿ ಎಣಿಸಿ. 3 ನಿಮಿಷಕ್ಕೆ ಸರಿಯಾಗಿ 100 ಸುತ್ತು ಬರಬೇಕು. 94 ಬಂದರೆ ಸ್ವರ ಸುಮಾರು ಅರ್ಧ ಮೆಟ್ಟಿಲು ಇಳಿದಿದೆಯೆಂದು ತಿಳಿಯಿರಿ.

ತೂಕದಲ್ಲಿ ವ್ಯತ್ಯಾಸ ಬಂದರೆ ವ್ಯಾಪಾರಿಯಾದವನು ಮೊದಲು ತಕ್ಕಡಿ ನೋಡುತ್ತಾನೆ, ಸರಕನ್ನು ಬೈಯುವುದಿಲ್ಲ. ಮನೆಯಲ್ಲಿ ಆ ಪಾಠ ಮರೆತಿದ್ದೆ. ಸದ್ಯ, ತಂದೆಯವರ ರೆಕಾರ್ಡು ಗುಜರಿ ಸೇರದೆ ಉಳಿಯಿತು.