ಹುಡುಗನ ಕಲ್ಲು, ಹಕ್ಕಿಯ ಗೂಡು

ಹದಿನೆಂಟನೆಯ ಶತಮಾನದ ಅಮೆರಿಕ. ನ್ಯೂಜೆರ್ಸಿಯ ರೈತನೊಬ್ಬನ ಮಗ ನೆರೆಮನೆಗೆಂದು ಹೊರಟಿದ್ದ. ದಾರಿಯಲ್ಲಿ ರಾಬಿನ್ ಹಕ್ಕಿಯೊಂದು ಗೂಡಿನಲ್ಲಿ ಕುಳಿತಿತ್ತು. ಹುಡುಗ ಸಮೀಪಿಸಿದೊಡನೆ ಹಾರಿತು. ಆದರೆ ಮರಿಗಳನ್ನು ಬಿಟ್ಟು ದೂರ ಹೋಗಲಾರದೆ ಅಲ್ಲಿಯೇ ಸುತ್ತುತ್ತ ಚೀರತೊಡಗಿತು. ಹುಡುಗ ಕಲ್ಲುಗಳನ್ನು ಬೀರಿದ. ಒಂದು ತಗುಲಿತು, ಹಕ್ಕಿ ಸತ್ತು ಕೆಳಗೆ ಬಿತ್ತು.

ಗುರಿ ತಪ್ಪಲಿಲ್ಲವೆಂಬ ಹಿಗ್ಗು ಕೆಲವು ನಿಮಿಷಗಳದ್ದು. ತಾಯಿಯಿಲ್ಲದ ಮರಿಗಳ ಗತಿಯೇನು? ಹಸಿದು ನರಳಿ ಸಾಯುವುದಕ್ಕಿಂತ ಇದೇ ಮೇಲೆಂದು ತೋರಿ, ಹುಡುಗ ಮರವೇರಿ ಮರಿಗಳನ್ನೂ ತನ್ನ ಕೈಯಾರೆ ಕೊಂದ. ಕೆಲವು ಗಂಟೆಗಳ ಕಾಲ ಆ ನೋವು ಅವನನ್ನು ಬಿಡಲಿಲ್ಲ.

ಆ ಹುಡುಗನೇ ಜಾನ್ ವುಲ್ಮನ್ (1720–1772). ಮೂವತ್ತಾರನೆಯ ವಯಸ್ಸಿನಲ್ಲಿ ಬರೆಯತೊಡಗಿದ ಆತ್ಮವೃತ್ತದ ಆರಂಭದಲ್ಲಿಯೇ ಈ ಪ್ರಸಂಗವನ್ನು ಮುಚ್ಚುಮರೆಯಿಲ್ಲದೆ ನಿವೇದಿಸಿದ. ಕ್ವೇಕರ್ ಮಕ್ಕಳಿಗೆ ಹೇಳುವ ಕಥೆಗಳಲ್ಲಿ ಇದೂ ಒಂದು. ಮಹಾತ್ಮರ ಸದ್ಗುಣಗಳನ್ನು ಬಿಟ್ಟು ಅವರ ತಪ್ಪನ್ನು ಮಕ್ಕಳ ಮುಂದಿಡುವುದು ಸಾಮಾನ್ಯ ಧೈರ್ಯವಲ್ಲ!

ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್‌ನಿಂದ ಮೊದಲಾದ ಈ ಪಂಥದ ಬ್ರಿಟನ್ನಿನ ಸಭೆಗಳಲ್ಲಿ ಪಾದ್ರಿಯಿಲ್ಲ, ನಿಗದಿಯಾದ ಪ್ರಾರ್ಥನೆಯಿಲ್ಲ. ಎಲ್ಲರೂ ಮೌನವಾಗಿ ಕುಳಿತಿರುತ್ತಾರೆ. ಮಕ್ಕಳೂ ಸಾಮಾನ್ಯವಾಗಿ ಹತ್ತು-ಹದಿನೈದು ನಿಮಿಷ ಅವರೊಡನೆ ಕುಳಿತು, ಬಳಿಕ ತಮ್ಮ ಕೋಣೆಗೆ ಹೋಗುತ್ತಾರೆ. (ಹತ್ತು ನಿಮಿಷದ ಈ ಮೌನ ಎಂಥ ಸಾಹಸವೆಂಬುದನ್ನು ಮಕ್ಕಳೊಂದಿಗರಿಗೆ ವಿವರಿಸಬೇಕಾಗಿಲ್ಲ.) ಇವರಲ್ಲಿ ವಿಧಿನಿಷೇಧಗಳಿಗಿಂತ ಪ್ರಶ್ನೆಗಳಿಗೆ ಹೆಚ್ಚಿನ ಮಾನ. ಗಿಡ ನೆಡು, ನೀರು ಪೋಲು ಮಾಡಬೇಡ ಎಂದು ಹೇಳುವುದು ಸುಲಭ. ನಿನ್ನ ಸುಖಕ್ಕಾಗಿ ಎಲ್ಲಿ ಯಾರು ನೋಯುತ್ತಿದ್ದಾರೆಂದು ಕೇಳುವುದು ಕಷ್ಟ.

ವುಲ್ಮನ್ ಜೀವನವಿಡೀ ಆ ಪ್ರಶ್ನೆಯನ್ನು ಕೇಳಿಕೊಂಡ. ಗುಲಾಮರ ದುಡಿಮೆಯಿಂದಾದ ಸಕ್ಕರೆಯನ್ನು ತ್ಯಜಿಸಿದ. ದರ್ಜಿಯಾಗಿದ್ದೂ, ಬಣ್ಣವು ಬಟ್ಟೆಯ ಕೊಳೆಯನ್ನು ಮರೆಮಾಡುತ್ತದೆಯೆಂದು ಬಣ್ಣವಿಲ್ಲದ ಉಡುಪನ್ನೇ ತೊಟ್ಟ, ನೋಡಿದವರು ನಗದಿರಲಿಲ್ಲ. ಆಡಂಬರಕ್ಕಾಗಿ ನೆಲದ ಸಾರವನ್ನು ಬರಿದುಮಾಡುವುದು ಮುಂದಿನ ಪೀಳಿಗೆಗೆ ಬಗೆಯುವ ಕೇಡೆಂದು ಬರೆದ. 1772ರಲ್ಲಿ ಇಂಗ್ಲೆಂಡಿಗೆ ಬಂದಾಗ, ಗಾಡಿಗಳ ವೇಗಕ್ಕಾಗಿ ಕುದುರೆಗಳನ್ನು ಸಾಯುವಂತೆ ಓಡಿಸುವುದನ್ನು ಕೇಳಿ, ಲಂಡನ್ನಿನಿಂದ ಉತ್ತರಕ್ಕೆ ಕಾಲ್ನಡಿಗೆಯಲ್ಲಿಯೇ ಸಾಗಿದ. ಯಾರ್ಕ್ ನಗರದಲ್ಲಿ ಸಿಡುಬು ತಗುಲಿ ಅದೇ ಅಕ್ಟೋಬರಿನಲ್ಲಿ ತೀರಿಕೊಂಡ.

ಇಂಥ ಕಥೆಯನ್ನು ಹೇಳುವ ಹಿರಿಯರಿಗೆ ಒಂದು ತೊಡಕಿದೆ: ಕೇಳಿದ ಮಗು ಅದೇ ಪ್ರಶ್ನೆಯನ್ನು ಅವರತ್ತ ತಿರುಗಿಸಬಹುದು. ನಮ್ಮ ಮನೆ ಬೆಚ್ಚಗಿರುವುದು ಯಾವ ಇಂಧನದಿಂದ? ನಾವು ಕೂಡಿಟ್ಟ ಹಣ ಎಲ್ಲಿ ದುಡಿಯುತ್ತಿದೆ? ಮಕ್ಕಳ ಕೈಯಲ್ಲಿರುವುದು ಕಲ್ಲು. ಹಿರಿಯರ ಕೈಯಲ್ಲಿರುವುದು ಷೇರುಪತ್ರ.

ಬ್ರಿಟನ್ನಿನ ಕ್ವೇಕರರು 2011ರಲ್ಲಿ ಕ್ಯಾಂಟರ್ಬರಿಯಲ್ಲಿ ಸೇರಿ, ವಾತಾವರಣಕ್ಕೆ ಇಂಗಾಲವನ್ನು ಆದಷ್ಟು ಕಡಿಮೆ ಸೇರಿಸುವ ಸಮುದಾಯವಾಗಿ ಬಾಳುವೆವೆಂದು ಸಂಕಲ್ಪ ಮಾಡಿದರು. ಎರಡು ವರ್ಷಗಳ ತರುವಾಯ, 2013ರಲ್ಲಿ, ಕಲ್ಲಿದ್ದಲು, ತೈಲ, ಅನಿಲಗಳನ್ನು ಅಗೆದು ತೆಗೆಯುವ ಕಂಪೆನಿಗಳಿಂದ ತಮ್ಮ ಕೇಂದ್ರ ಸಂಸ್ಥೆಯ ಹಣವನ್ನು ಹಿಂತೆಗೆದುಕೊಳ್ಳಲು ನಿರ್ಧರಿಸಿದರು. ಬ್ರಿಟನ್ನಿನ ಚರ್ಚುಗಳಲ್ಲಿ ಆ ಹೆಜ್ಜೆಯಿಟ್ಟ ಮೊದಲಿಗರು ಅವರೇ.