7ರಿಂದ 4, ಸಂದು ಚುಕ್ಕಿ

ಗುಬ್ಬಿಯಲ್ಲಿರುವ ನಮ್ಮ ದೊಡ್ಡಮ್ಮನ ಹತ್ತಿರ ರಟ್ಟು ಹರಿದ ಒಂದು ನೋಟ್‌ಬುಕ್ ಇದೆ. ಹಾಲಿನ ಲೆಕ್ಕ, ಚೀಟಿ ದುಡ್ಡಿನ ಲೆಕ್ಕದ ನಡುವೆ ಅಲ್ಲಲ್ಲಿ ರಂಗೋಲಿ. ಕೆಲವು ಕಡೆ ಚಿತ್ರವೂ ಇಲ್ಲ, ಬರೀ ಒಂದು ಸಾಲು: ‘7ರಿಂದ 4, ಸಂದು ಚುಕ್ಕಿ.’ ಅವರಿಗೆ ಅಷ್ಟು ಸಾಕು. ನಡುವೆ ಏಳು ಚುಕ್ಕಿ, ಮೇಲೂ ಕೆಳಗೂ ಆರು, ಐದು, ನಾಲ್ಕು. ಪ್ರತಿ ಚುಕ್ಕಿಯೂ ಪಕ್ಕದ ಸಾಲಿನ ಎರಡು ಚುಕ್ಕಿಗಳ ಸಂದಿಗೆ. ಒಟ್ಟು 37. ಕಂಪ್ಯೂಟರಿನವರು ಪ್ರೋಗ್ರಾಮ್ ಅನ್ನುವುದು ಇದಕ್ಕಿಂತ ಬೇರೆ ಏನಲ್ಲ.

ತುಮಕೂರಿನಲ್ಲಿ ನಮ್ಮದು ಎರಡನೇ ಮಹಡಿಯ ಮನೆ. ಬಾಗಿಲ ಮುಂದೆ ಎರಡು ಟೈಲ್ಸಿನಷ್ಟು ಜಾಗ, ಅದರ ಮೇಲೆ ಪ್ಲಾಸ್ಟಿಕ್ ರಂಗೋಲಿ ಸ್ಟಿಕ್ಕರ್. ಹಾಗಾಗಿ ನನ್ನ ರಂಗೋಲಿಯೆಲ್ಲ ಲ್ಯಾಪ್‌ಟಾಪಿನಲ್ಲಿ. ಪೈಥಾನ್ ಹಾಕಿಕೊಂಡರೆ ಅದರ ಜೊತೆಗೇ ಒಂದು ಆಮೆ ಬರುತ್ತದೆ. ‘ಮುಂದೆ 100’ ಅಂದರೆ ಗೆರೆ ಎಳೆಯುತ್ತಾ ಮುಂದೆ ಹೋಗುತ್ತದೆ, ‘ಬಲಕ್ಕೆ 90’ ಅಂದರೆ ನಿಂತಲ್ಲೇ ತಿರುಗುತ್ತದೆ. ಕಳೆದ ಧನುರ್ಮಾಸದಲ್ಲಿ ಗುಬ್ಬಿಗೆ ಹೋದಾಗ ಇದನ್ನು ದೊಡ್ಡಮ್ಮನಿಗೆ ತೋರಿಸಿದೆ.

“ಎಲ್ಲಿಗೆ ಹೋಗ್ಬೇಕು ಅಂತ ಅದಕ್ಕೆ ಗೊತ್ತಿಲ್ವೇನೋ?”

“ಇಲ್ಲ ದೊಡ್ಡಮ್ಮ. ಎಷ್ಟು ನಡೀಬೇಕು, ಎಷ್ಟು ತಿರುಗ್ಬೇಕು, ಅಷ್ಟೇ.”

“ಕಣ್ಣು ಕಟ್ಟಿ ಬಿಟ್ಟಂಗಾಯ್ತು ಬಿಡು.”

ಈ ಆಮೆಯ ಗುಟ್ಟನ್ನು ಇಷ್ಟು ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ. 1967ರಲ್ಲಿ ಅಮೆರಿಕದಲ್ಲಿ ಸೆಮೂರ್ ಪ್ಯಾಪರ್ಟ್, ವಾಲಿ ಫೋರ್ಜೈಗ್, ಸಿಂಥಿಯಾ ಸಾಲಮನ್ ಸೇರಿ ಮಕ್ಕಳಿಗಾಗಿ ‘ಲೋಗೋ’ ಎಂಬ ಭಾಷೆ ಕಟ್ಟಿದರು. ಅದರ ಆಮೆ ಮೊದಮೊದಲು ನೆಲದ ಮೇಲೆ ಪೆನ್ನು ಎಳೆದುಕೊಂಡು ಓಡಾಡುವ ಯಂತ್ರವಾಗಿತ್ತು. ಮಗು ತಾನೇ ಆಮೆಯಾಗಿ ನಾಲ್ಕು ಹೆಜ್ಜೆ ನಡೆದು ನೋಡಿದರೆ ರೇಖಾಗಣಿತ ಮೈಗೆ ಹತ್ತುತ್ತದೆ ಎನ್ನುವುದು ಪ್ಯಾಪರ್ಟ್ ನಂಬಿಕೆ. ಯು.ಬಿ. ಪವನಜ ಈ ಲೋಗೋವನ್ನು ಕನ್ನಡಕ್ಕೆ ತಂದರು. ಅದಕ್ಕೆ 2006ರ ಮಂಥನ್ ಪ್ರಶಸ್ತಿಯೂ ಬಂತು.

ಮೈಗೆ ಹತ್ತುವುದು ಅಂದರೇನು ಅಂತ ದೊಡ್ಡಮ್ಮನ ಮೊಮ್ಮಗಳು ಅವತ್ತೇ ತೋರಿಸಿದಳು. ತ್ರಿಕೋನ ಬರೆಸು ಅಂದೆ. ಒಳಗಿನ ಕೋನ 60 ತಾನೇ ಅಂತ ‘60 ತಿರುಗು’ ಎಂದು ಕೊಟ್ಟಳು. ಮೂರು ಗೆರೆ ಆದರೂ ಚಿತ್ರ ಕೂಡಲಿಲ್ಲ. ಇನ್ನೂ ಮೂರು ಎಳೆಸಿದರೆ ಷಟ್ಕೋನ! ಎದ್ದು ಅಂಗಳದಲ್ಲಿ ತಾನೇ ನಡೆದು ನೋಡಿದಳು. ಮೂಲೆಯಲ್ಲಿ ತಿರುಗಬೇಕಾದದ್ದು 60 ಅಲ್ಲ, 120. ಹೊರಟಲ್ಲಿಗೆ ಬಂದು, ಹೊರಟ ದಿಕ್ಕಿಗೇ ಮುಖ ಮಾಡಬೇಕಾದರೆ ತ್ರಿಕೋನದಲ್ಲಾಗಲಿ ಚೌಕದಲ್ಲಾಗಲಿ ಒಟ್ಟು 360 ಡಿಗ್ರಿ ಸುತ್ತಲೇಬೇಕು. ಐದು ಮೂಲೆಯ ನಕ್ಷತ್ರಕ್ಕೆ ಮಾತ್ರ ಅದರ ಎರಡರಷ್ಟು.

ನನ್ನ ತಪ್ಪು ಇನ್ನೂ ಲಾಭದ್ದು. ಪ್ರತಿ ಸಲ ಐದೈದು ಹೆಚ್ಚಿಸುತ್ತಾ ಮುಂದೆ ಹೋಗಿ 90 ತಿರುಗಿದರೆ ಚೌಕ ಸುರುಳಿ ಬರುತ್ತದೆ. ಒಮ್ಮೆ ಕೈ ತಪ್ಪಿ 91 ಒತ್ತಿದ್ದೆ. ಮೂಲೆಗಳೆಲ್ಲ ಕೂದಲೆಳೆಯಷ್ಟು ಜಾರುತ್ತಾ ಹೋಗಿ ಚೌಕವೇ ಸುಳಿಯಂತೆ ತಿರುಚಿಕೊಂಡಿತು. ಇವತ್ತಿಗೂ ಅದೇ ನನ್ನ ಡೆಸ್ಕ್‌ಟಾಪ್ ಚಿತ್ರ.

ರಂಗೋಲಿಗೂ ಕಂಪ್ಯೂಟರಿಗೂ ನಂಟು ಹಾಕಿದವರಲ್ಲಿ ನಾನು ಮೊದಲಿಗನೇನಲ್ಲ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ ಮತ್ತು ಜೊತೆಗಾರರು 1974ರಲ್ಲೇ ತಮಿಳುನಾಡಿನ ರಂಗೋಲಿಯಾದ ಕೋಲಂಗೆ ವ್ಯಾಕರಣ ಬರೆದಿದ್ದರು. ಗಿಡಗಳ ಬೆಳವಣಿಗೆ ವಿವರಿಸಲು ಲಿಂಡೆನ್‌ಮೇಯರ್ 1968ರಲ್ಲಿ ಮಾಡಿದ ಸೂತ್ರಗಳನ್ನು ಪ್ರುಸಿಂಕೀವಿಚ್ ಎಂಬಾತ ಆಮೆಯ ಕೈಗೆ ಕೊಟ್ಟ. ಆ ಚಿತ್ರಗಳಲ್ಲಿ ‘ಕೃಷ್ಣನ ಕಾಲ್ಗೆಜ್ಜೆ’ ಎಂಬ ಕೋಲವೂ ಉಂಟು. ಒಂದೇ ಸಾಲಿನ ಸೂತ್ರ, 45 ಡಿಗ್ರಿಯ ತಿರುವು.

ಇನ್ನು ಸಂದು ಚುಕ್ಕಿ ಅಂಗಳದ್ದು ಮಾತ್ರ ಅಂದುಕೊಂಡಿದ್ದೆ. ಕುಣಿಗಲ್ ಹತ್ತಿರದ ನಮ್ಮ ಚಿಕ್ಕಪ್ಪ ತೆಂಗಿನ ಸಸಿಗೆ ಗುಂಡಿ ಗುರುತು ಮಾಡುವಾಗ ಹಗ್ಗ ಹಿಡಿದು ‘ಮೂರು ಮೂಲೆ ಲೆಕ್ಕ’ ಹಾಕುತ್ತಾರೆ. ಅದೂ ಇದೇ. ಗಿಡದಿಂದ ಗಿಡಕ್ಕೆ ಅಂತರ ಅಷ್ಟೇ ಇಟ್ಟರೂ ಚೌಕದ ಸಾಲಿಗಿಂತ ನೂರಕ್ಕೆ ಹದಿನೈದು ಸಸಿ ಹೆಚ್ಚು ಹಿಡಿಯುತ್ತದೆ.

ಗುಬ್ಬಿಯಲ್ಲಿ ಆ ರಾತ್ರಿ ನಾನು ಕೂತು ಮಾಡಿದ ಆಟ ಹೀಗಿತ್ತು. ಐದು ಸಾಲು, ಸಾಲಿಗೆ ಐದು ನೇರ ಚುಕ್ಕಿ. ಚುಕ್ಕಿಗಳನ್ನು ಸುತ್ತಿಕೊಂಡು ಹೋಗುವ ಎಳೆ ರಂಗೋಲಿಯಲ್ಲಿ ಪಕ್ಕಪಕ್ಕದ ಎರಡು ಚುಕ್ಕಿಗಳ ನಡುವೆ ಎಳೆಗಳು ಎರಡೇ ಕೆಲಸ ಮಾಡಬಲ್ಲವು: ಒಂದನ್ನೊಂದು ದಾಟಬೇಕು, ಇಲ್ಲವೇ ಮುಟ್ಟದೆ ಬಾಗಿ ಹಿಂದಕ್ಕೆ ಹೋಗಬೇಕು. ಅಂಥ ಸಂದುಗಳು 40. ಪ್ರತಿಯೊಂದಕ್ಕೂ ಕಂಪ್ಯೂಟರ್ ನಾಣ್ಯ ಚಿಮ್ಮಲಿ ಅಂತ ಬಿಟ್ಟೆ. ಆಗುವ ಚಿತ್ರಗಳು ಒಂದು ಲಕ್ಷ ಕೋಟಿಗೂ ಮಿಕ್ಕವು. ಬಂದದ್ದೋ, ಗೋಜಲು. ಬೆಕ್ಕು ಆಡಿ ಬಿಟ್ಟ ನೂಲಿನುಂಡೆ. ಬರೀ ನಾಣ್ಯದ ಕೈಗೆ ಬಿಟ್ಟರೆ ಕಲೆ ಹುಟ್ಟುತ್ತದೆ ಅನ್ನುವವರ ಮಾತನ್ನು ನಾನು ನಂಬುವುದಿಲ್ಲ. ಒಂದು ಕಟ್ಟು ಹಾಕಿದೆ: ಕಾಲು ಭಾಗಕ್ಕೆ ಮಾತ್ರ ನಾಣ್ಯ, ಉಳಿದ ಮೂರು ಭಾಗ ಅದನ್ನೇ 90 ಡಿಗ್ರಿ ತಿರುಗಿಸಿದ್ದು. ಈಗ ನಿರ್ಧರಿಸಬೇಕಾದ ಸಂದು ಹತ್ತೇ, ಚಿತ್ರಗಳು 1024. ಒಂದೊಂದೂ ಯಾರೋ ಕೂತು ಯೋಚಿಸಿ ಬಿಟ್ಟ ರಂಗೋಲಿಯ ಹಾಗೆ ಕಂಡವು.

ಮೂವತ್ತನ್ನು ಆರಿಸಿ ಮೊಬೈಲಿನಲ್ಲಿ ದೊಡ್ಡಮ್ಮನಿಗೆ ತೋರಿಸಿದೆ. ಬೆರಳಲ್ಲಿ ಎಳೆ ಹಿಡಿದು ಹೋಗುವರು, ಎಳೆ ಬೇಗ ಕೂಡಿಕೊಂಡು ಚುಕ್ಕಿ ಹೊರಗುಳಿದರೆ “ಇದು ತುಂಡು” ಅನ್ನುವರು, ಮುಂದಿನದು. ಕೊನೆಗೆ ಉಳಿದದ್ದು ನಾಲ್ಕು.

ಬೆಳಗ್ಗೆ ಎದ್ದು ನೋಡಿದರೆ ಸಾರಿಸಿದ ಅಂಗಳದಲ್ಲಿ ಆ ನಾಲ್ಕರಲ್ಲೊಂದು ಮೂಡಿತ್ತು. ಎಲ್ಲೋ ಏನೋ ಬೇರೆ ಅನ್ನಿಸಿ ಎಣಿಸಿದೆ. ಚುಕ್ಕಿ 24. ನಲ್ಲಿ ಕಡೆಯ ಮೂಲೆಯಲ್ಲಿ ಚುಕ್ಕಿಯೇ ಇಲ್ಲ. ಎಳೆ ಅಲ್ಲಿಗೆ ಹೋಗದೆ ಮೊದಲೇ ಬಾಗಿ ಪಕ್ಕದ ಸಾಲಿಗೆ ಕೂಡಿಕೊಂಡಿತ್ತು.

“ಅಲ್ಲಿ ನೀರು ಹರಿಯುತ್ತಲ್ಲೋ, ಹಾಕಿದ್ರೂ ಅಳಿಸಿಹೋಗುತ್ತೆ” ಅಂದರು ದೊಡ್ಡಮ್ಮ, ರಂಗೋಲಿ ಡಬ್ಬದ ಮುಚ್ಚಳ ಹಾಕುತ್ತಾ. ನನ್ನ 1024ರಲ್ಲಿ ಅದು ಇರಲಿಲ್ಲ.