ಮನೆಯ ಮೇಲ್ಛಾವಣಿಗೆ ಸೌರವಿದ್ಯುತ್: ಎಷ್ಟು ಕಿಲೋವ್ಯಾಟ್ ಲಾಭದಾಯಕ?

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ಕೆಳಗೆ ಅಂಗಡಿ ಅಥವಾ ಸಣ್ಣ ಉದ್ದಿಮೆ, ಮೇಲೆ ವಾಸದ ಮನೆ ಇರುವ ಕಟ್ಟಡಗಳು ಬಹಳ. ಯಂತ್ರ ಖರೀದಿಸುವಾಗ ಬಂಡವಾಳ ವಾಪಸಾಗುವ ಅವಧಿಯನ್ನು ತೂಗಿ ನೋಡುವ ವರ್ತಕರೂ ಮನೆಗೆ ಸೌರಫಲಕ ಅಳವಡಿಸುವಾಗ ಸಹಾಯಧನದ ಮೊತ್ತವನ್ನಷ್ಟೇ ನೋಡಿ ಗಾತ್ರ ನಿರ್ಧರಿಸುವುದುಂಟು. ಇದು ಸರಿಯಾದ ಕ್ರಮವಲ್ಲ.

ಮೊದಲು ಪರಿಶೀಲಿಸಬೇಕಾದುದು ಹಿಂದಿನ ಹನ್ನೆರಡು ತಿಂಗಳ ಬೆಸ್ಕಾಂ ಬಿಲ್ಲುಗಳನ್ನು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ಬಳಕೆಯು ತಮ್ಮ ಅರ್ಹತಾ ಮಿತಿಯೊಳಗಿದ್ದು ಶೂನ್ಯ ಬಿಲ್ ಪಡೆಯುತ್ತಿರುವ ಕುಟುಂಬಕ್ಕೆ ಸೌರಘಟಕದಿಂದ ಉಳಿತಾಯವಾಗುವ ಹಣ ಅತ್ಯಲ್ಪ. ತಿಂಗಳಿಗೆ 200 ಯೂನಿಟ್ ಮೀರಿ ಬಳಸಿ ಪೂರ್ಣ ಬಿಲ್ ಪಾವತಿಸುವವರಿಗೇ ಇದರ ನಿಜವಾದ ಪ್ರಯೋಜನ.

ಬೆಂಗಳೂರಿನಲ್ಲಿ ಒಂದು ಕಿಲೋವ್ಯಾಟ್ ಸಾಮರ್ಥ್ಯದ ಘಟಕವು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಉತ್ಪಾದಿಸುತ್ತದೆ. ಇದಕ್ಕೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಫಲಕಗಳು ದಕ್ಷಿಣಾಭಿಮುಖವಾಗಿದ್ದು, ನಗರದ ಅಕ್ಷಾಂಶಕ್ಕೆ ಹೊಂದುವಂತೆ ಸುಮಾರು 13 ಡಿಗ್ರಿ ವಾಲಿರುವುದು ಸೂಕ್ತ. 30x40 ನಿವೇಶನದ ತಾರಸಿಯಲ್ಲಿ ನೀರಿನ ಟ್ಯಾಂಕು, ಸೋಲಾರ್ ವಾಟರ್ ಹೀಟರ್ ಮತ್ತು ಮೆಟ್ಟಿಲಿನ ಕೋಣೆ ಕಳೆದು ಉಳಿಯುವ ಜಾಗವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಪಕ್ಕದ ನಿವೇಶನದಲ್ಲಿ ಮುಂದೆ ಮಹಡಿ ಏರುವ ಸಾಧ್ಯತೆಯನ್ನೂ ಮರೆಯಬಾರದು.

ಉದಾಹರಣೆಗೆ, ತಿಂಗಳಿಗೆ 300 ಯೂನಿಟ್ ಬಳಸುವ ಮನೆಗೆ 2 ಅಥವಾ 3 ಕಿಲೋವ್ಯಾಟ್ ಎಂಬ ಆಯ್ಕೆ ಇದೆಯೆನ್ನೋಣ. ಯೂನಿಟ್ಟಿಗೆ 6 ರೂ. ಹಾಗೂ ಘಟಕಗಳ ಬೆಲೆ ಕ್ರಮವಾಗಿ 1.40 ಲಕ್ಷ ಮತ್ತು 1.95 ಲಕ್ಷ ರೂ. ಎಂದು ಭಾವಿಸೋಣ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂ., ಮೂರನೆಯದಕ್ಕೆ 18,000 ರೂ. ಸಹಾಯಧನವಿದೆ; ಗರಿಷ್ಠ ಮಿತಿ 78,000 ರೂ. 2 ಕಿಲೋವ್ಯಾಟ್‌ಗೆ ಸ್ವಂತ ಹೂಡಿಕೆ 80,000 ರೂ.; 240 ಯೂನಿಟ್‌ಗೆ ವಾರ್ಷಿಕ ಉಳಿತಾಯ 17,280 ರೂ.; ಹಣ ಐದು ವರ್ಷದೊಳಗೆ ವಾಪಸು. ಮೂರನೆಯ ಕಿಲೋವ್ಯಾಟ್‌ಗೆ ಹೆಚ್ಚುವರಿ ಹೂಡಿಕೆ 37,000 ರೂ. ಆದರೆ ಅದರ 120 ಯೂನಿಟ್‌ನಲ್ಲಿ ಮನೆಗೆ ಬೇಕಾದುದು 60 ಮಾತ್ರ. ಉಳಿತಾಯ 4,320 ರೂ.; ವಾಪಸಾತಿಗೆ ಎಂಟೂವರೆ ವರ್ಷ. ಮಿಗತೆ ವಿದ್ಯುತ್ತಿಗೆ ದೊರೆಯುವ ದರ ಚಿಲ್ಲರೆ ದರಕ್ಕಿಂತ ಕಡಿಮೆಯಾದ್ದರಿಂದ ಈ ಅವಧಿ ಸ್ವಲ್ಪವಷ್ಟೇ ತಗ್ಗೀತು. ನಿಗದಿತ ಶುಲ್ಕವನ್ನಂತೂ ಕಟ್ಟಲೇಬೇಕು.

ಈ ಸಹಾಯಧನ ಗೃಹಬಳಕೆಯ ಸಂಪರ್ಕಕ್ಕೆ ಮಾತ್ರ. ಫಲಕಗಳು ದೇಶೀಯವಾಗಿರಬೇಕು, ಅಳವಡಿಸುವವರು ನೋಂದಾಯಿತರಾಗಿರಬೇಕು. ಹಣವು ಘಟಕ ಚಾಲನೆಗೊಂಡ ನಂತರವೇ ಗ್ರಾಹಕರ ಖಾತೆಗೆ ಬರುವುದರಿಂದ ಆರಂಭದಲ್ಲಿ ಪೂರ್ಣ ಮೊತ್ತದ ವ್ಯವಸ್ಥೆ ಅಗತ್ಯ. ಅಂಗಡಿಯ ಮೀಟರ್ ಬೇರೆಯಾಗಿದ್ದರೆ ಮನೆಯ ಘಟಕದಿಂದ ಅದರ ಬಿಲ್ ಇಳಿಯದು. ವ್ಯವಹಾರದ ಆಸ್ತಿಯಾಗಿ ದಾಖಲಾದ ಸೌರಸಾಧನಗಳಿಗೆ ಆದಾಯ ತೆರಿಗೆಯಲ್ಲಿ ಶೇ. 40ರ ಸವಕಳಿ ದೊರೆಯುತ್ತದೆ. ವಾಸದ ಮನೆಯ ಘಟಕಕ್ಕೆ ಅದು ಸಲ್ಲದು. ಆದ್ದರಿಂದ ಬಿಲ್ಲು ಯಾರ ಹೆಸರಿನಲ್ಲಿರಬೇಕೆಂಬುದನ್ನು ಮೊದಲೇ ನಿರ್ಧರಿಸತಕ್ಕದ್ದು. ಸೌರಸಾಧನಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿರುವುದರಿಂದ ಹಳೆಯ ದರಪಟ್ಟಿಗಳನ್ನು ಮರುಪರಿಶೀಲಿಸುವುದು ಒಳಿತು.

ಬ್ಯಾಟರಿ ಇಲ್ಲದ ಘಟಕವು ಕರೆಂಟ್ ಹೋದಾಗ, ಲೈನ್ ಸಿಬ್ಬಂದಿಯ ಸುರಕ್ಷತೆಗಾಗಿ ತಾನೂ ನಿಲ್ಲುತ್ತದೆ. ಬ್ಯಾಟರಿ ಸೇರಿಸಿದರೆ ಬೆಲೆ ಏರುವುದಲ್ಲದೆ ಕೆಲ ವರ್ಷಗಳಲ್ಲಿ ಬದಲಾವಣೆಯ ವೆಚ್ಚವೂ ಬರುತ್ತದೆ. ಫಲಕಗಳಿಗೆ ಸಾಮಾನ್ಯವಾಗಿ 25 ವರ್ಷಗಳ ಉತ್ಪಾದನಾ ಖಾತರಿ ಇದ್ದರೂ ಇನ್ವರ್ಟರಿನ ಆಯುಷ್ಯ ಅದಕ್ಕಿಂತ ಕಡಿಮೆ. ಅದಕ್ಕೂ ಹಣ ತೆಗೆದಿರಿಸಬೇಕು.

ತಾರಸಿ ಎಷ್ಟು ಹಿಡಿಸುತ್ತದೆ ಎಂಬುದಕ್ಕಿಂತ ಮನೆ ಎಷ್ಟು ಬಳಸುತ್ತದೆ ಎಂಬುದೇ ಘಟಕದ ಗಾತ್ರಕ್ಕೆ ಅಳತೆಗೋಲಾಗಬೇಕು.